ಕ್ಯಾರೋಟಿಡ್ ಪ್ಲಾಕನ್ನು ಕಂಪ್ಯೂಟರಿನಲ್ಲಿ ಅಳೆಯುವುದು: ಚಿತ್ರ ಹಿಡಿಯುವುದರಿಂದ ವರದಿ ಬರೆಯುವವರೆಗಿನ ಸಮಗ್ರ ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಎರಡನೆಯ ಅಭಿಪ್ರಾಯಕ್ಕೆಂದು ನನ್ನ ಬಳಿಗೆ ಬರುವ ಕ್ಯಾರೋಟಿಡ್ ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಅಳೆಯಲು ಯೋಗ್ಯವಾದವು ಕಡಿಮೆ. ಸ್ಕ್ಯಾನ್ ಮಾಡಿದವರ ಕೈಯಲ್ಲಿ ದೋಷವಿದೆಯೆಂದು ಇದರ ಅರ್ಥವಲ್ಲ. ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಎಂಬ ಕುತ್ತಿಗೆಯ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿರುವ ಜಾಗ, ಅಂದರೆ ಪ್ಲಾಕ್, ಹೆಚ್ಚಿನ ಚಿತ್ರಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ತೊಂದರೆ ಇರುವುದು ಕ್ರಮದಲ್ಲಿ. ಗೇನ್, ಅಂದರೆ ಚಿತ್ರದ ಒಟ್ಟು ಹೊಳಪನ್ನು ಏರಿಸಿ ಇಳಿಸುವ ಸೆಟ್ಟಿಂಗು, ಮನಸ್ಸಿಗೆ ಬಂದಂತೆ ಬದಲಾಗಿರುತ್ತದೆ, ಚಿತ್ರವನ್ನು ಮಾನಿಟರಿನಿಂದ ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆಪ್‌ನಲ್ಲಿ ಕಳುಹಿಸಿರುತ್ತಾರೆ, ಪ್ಲಾಕಿನ ಮೇಲೆಯೇ ಅಳತೆಯ ಚುಕ್ಕಿಗಳು ಕೂತಿರುತ್ತವೆ. ಅಂಥ ಚಿತ್ರವನ್ನು ತಂತ್ರಾಂಶಕ್ಕೆ ಕೊಟ್ಟರೂ ಅದು ಅಂಕಿಯನ್ನು ಕೊಟ್ಟೇ ಕೊಡುತ್ತದೆ, ಏಕೆಂದರೆ ತಂತ್ರಾಂಶಕ್ಕೆ ರಕ್ತನಾಳ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಚಿತ್ರದ ಚುಕ್ಕಿಗಳು, ಅಂದರೆ ಪಿಕ್ಸೆಲ್, ಮಾತ್ರ.

ನಮ್ಮಲ್ಲಿ ಸ್ಕ್ಯಾನ್ ಮಾಡುವವರು ವೈದ್ಯರು. ಕಂಪ್ಯೂಟರಿನ ಮುಂದೆ ಕುಳಿತು ಗೆರೆ ಎಳೆಯುವವರು ಹೆಚ್ಚಾಗಿ ತಂತ್ರಜ್ಞರು ಅಥವಾ ಸ್ನಾತಕೋತ್ತರ ವಿದ್ಯಾರ್ಥಿಗಳು. ಈ ಇಬ್ಬರ ನಡುವಿನ ಹಸ್ತಾಂತರದಲ್ಲಿಯೇ ಕೆಲಸ ಹೆಚ್ಚು ಕೆಡುವುದರಿಂದ, ಈ ಬರಹವನ್ನು ಇಬ್ಬರೂ ಮೊದಲಿನಿಂದ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

## ಆರಂಭಿಸುವ ಮೊದಲು: ಯಾರನ್ನು ಈ ಮೇಜಿಗೆ ತರಬಾರದು

ಮುಖದ ಒಂದು ಬದಿ ಸೊಟ್ಟಗಾಗಿರುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತಿರುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಸ್ವಲ್ಪ ಹೊತ್ತಿನಲ್ಲಿ ಸರಿಹೋಗಿರುವುದು: ಇವುಗಳಲ್ಲಿ ಒಂದಾದರೂ ಹೊಸದಾಗಿ ಕಾಣಿಸಿಕೊಂಡಿದ್ದರೆ ಆ ವ್ಯಕ್ತಿಗೆ ಮೊದಲು ಬೇಕಾದುದು ಪ್ಲಾಕಿನ ಅಳತೆಯಲ್ಲ, ಮೆದುಳಿನ ಸಿಟಿ ಸ್ಕ್ಯಾನ್ ಮಾಡಬಲ್ಲ ಆಸ್ಪತ್ರೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಘಟ್ಟದ ಅಂಚಿನ ಊರಿನಿಂದ ಶಿವಮೊಗ್ಗ ತಲುಪುವುದರಲ್ಲಿಯೇ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ. 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದು ಕಳುಹಿಸಿ. ಲಕ್ಷಣ ತಾನಾಗಿ ಸರಿಹೋಗಿದೆ ಎಂಬುದು ಕಾಯಲು ಕಾರಣವಲ್ಲ.

ಇನ್ನೊಂದು ಗುಂಪಿದೆ. ಯಾವ ಲಕ್ಷಣವೂ ಇಲ್ಲದ, ಅಪಾಯದ ಅಂಶವೂ ಇಲ್ಲದವರು ಶಿಬಿರದ ಭಿತ್ತಿಪತ್ರ ನೋಡಿ ಬರುತ್ತಾರೆ. ಸಾಮಾನ್ಯ ಜನರೆಲ್ಲರಿಗೂ ಕ್ಯಾರೋಟಿಡ್ ತಪಾಸಣೆ ನಡೆಸುವುದನ್ನು ಅಮೆರಿಕದ ತಡೆ ಸೇವೆಗಳ ಕಾರ್ಯಪಡೆ 2014ರಲ್ಲಿಯೂ ಮತ್ತೆ 2021ರಲ್ಲಿಯೂ ಬೇಡವೆಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಅಥವಾ ತಂಬಾಕಿನ ಚಟ ಇರುವವರಲ್ಲಿ ಪ್ಲಾಕ್ ಇದೆಯೇ ಎಂಬ ಉತ್ತರದಿಂದ ಚಿಕಿತ್ಸೆ ಬದಲಾಗುವುದಾದರೆ, ವೈದ್ಯರ ಚೀಟಿಯೊಂದಿಗೆ ಮಾಡಿ.

ಶಿಬಿರದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಕುತ್ತಿಗೆಯನ್ನಷ್ಟೇ ನೋಡುವುದಿದ್ದರೂ ಅಲ್ಟ್ರಾಸೌಂಡ್ ಯಂತ್ರವೂ ಅದಿರುವ ಸ್ಥಳವೂ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿ-ಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಾಯಿತ ಸ್ಥಳದಿಂದ ಯಂತ್ರವನ್ನು ಜೀಪಿನಲ್ಲಿ ಹೇರಿಕೊಂಡು ಶಾಲೆಯ ಜಗಲಿಗೆ ಒಯ್ಯುವಂತಿಲ್ಲ.

## ಬೇಕಾದ ಸಾಮಗ್ರಿ

7ರಿಂದ 12 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಆವರ್ತನದ ಲೀನಿಯರ್ ಪ್ರೋಬ್, ರಕ್ತದ ಹರಿವನ್ನು ತೋರಿಸುವ ಬಣ್ಣದ ಡಾಪ್ಲರ್ ಇರುವ ಯಂತ್ರ, ಸಾಧ್ಯವಾದರೆ ಯಂತ್ರಕ್ಕೇ ಜೋಡಿಸುವ ಇಸಿಜಿ ತಂತಿಗಳು, ಜೆಲ್, ಮಡಿಸಿದ ಟವಲ್, ಮತ್ತು ಚಿತ್ರವನ್ನು ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಡೈಕಾಮ್ ಕಡತದ ರೂಪದಲ್ಲಿ ಹೊರತೆಗೆಯುವ ವ್ಯವಸ್ಥೆ. ಹೊಟ್ಟೆ ನೋಡುವ ಬಾಗಿದ ಪ್ರೋಬಿನಿಂದ ಈ ಕೆಲಸ ಆಗದು.

ಅಳೆಯಲು, ಪ್ಲಾಕ್ ವಿಶ್ಲೇಷಣೆಗೆಂದೇ ರೂಪಿಸಿದ ತಂತ್ರಾಂಶವಿದ್ದರೆ ಒಳ್ಳೆಯದು. ಇಲ್ಲದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹುಟ್ಟಿದ, ಉಚಿತವಾಗಿ ಸಿಗುವ ಇಮೇಜ್‌ಜೆಯಲ್ಲಿ ಕಲಿಯಬಹುದು. ಕೆಳಗಿನ ಉದಾಹರಣೆಗಳನ್ನು ಅದರಲ್ಲಿಯೇ ಕೊಟ್ಟಿದ್ದೇನೆ, ಏಕೆಂದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಅದು ಅಭ್ಯಾಸಕ್ಕೂ ಸಂಶೋಧನೆಗೂ ಇರುವ ಸಾಧನ. ರೋಗಿಯ ಕೈಗೆ ಕೊಡುವ ವರದಿಗೆ ಅನುಮೋದಿತ ತಂತ್ರಾಂಶವೇ ಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ ಯುಪಿಎಸ್ ಕೂಡ ಈ ಪಟ್ಟಿಗೆ ಸೇರುತ್ತದೆ. ಅರ್ಧಕ್ಕೆ ನಿಂತು ಮತ್ತೆ ಚಾಲೂ ಆದ ಯಂತ್ರ ತನ್ನ ಮೂಲ ಸೆಟ್ಟಿಂಗಿಗೆ ಮರಳಿರುತ್ತದೆ, ಅದನ್ನು ಯಾರೂ ಗಮನಿಸಿರುವುದಿಲ್ಲ.

## ಹಂತ 1: ಯಂತ್ರದ ಸೆಟ್ಟಿಂಗನ್ನು ಕಟ್ಟಿಹಾಕಿ

ಹತ್ತಕ್ಕೆ ಎಂಟು ತಪ್ಪು ಇಲ್ಲಿಯೇ ಹುಟ್ಟುತ್ತದೆ ಎಂಬುದು ನನ್ನ ಅಂದಾಜು. ಆದ್ದರಿಂದ ಈ ಹಂತವನ್ನು ವಿಸ್ತಾರವಾಗಿಯೇ ಹೇಳುತ್ತೇನೆ.

ಡೈನಮಿಕ್ ರೇಂಜನ್ನು, ಅಂದರೆ ಚಿತ್ರ ತೋರಿಸುವ ಬೂದು ಛಾಯೆಗಳ ಹರವನ್ನು, ಯಂತ್ರ ಬಿಡುವಷ್ಟು ಹೆಚ್ಚಿಗೆ ಇಡಿ. ಅದು ಕಡಿಮೆಯಾದರೆ ಚಿತ್ರ ಕಪ್ಪು ಬಿಳುಪಾಗಿ ಗರಿಗರಿಯಾಗಿ ಕಾಣುತ್ತದೆ, ಕಣ್ಣಿಗೆ ಹಿತವೂ ಹೌದು. ಆದರೆ ನಡುವಿನ ಬೂದು ಛಾಯೆಗಳು ಅಳಿಸಿಹೋಗುತ್ತವೆ, ಪ್ಲಾಕ್ ಮೆದುವೋ ಗಟ್ಟಿಯೋ ಎಂದು ತಿಳಿಯಲು ನಮಗೆ ಬೇಕಾದುದು ಆ ಛಾಯೆಗಳೇ. ಹಿಂದಿನ ಫ್ರೇಮುಗಳನ್ನು ಬೆರೆಸಿ ತೋರಿಸುವ ಪರ್ಸಿಸ್ಟೆನ್ಸ್ ಕಡಿಮೆ ಇರಲಿ, ಫ್ರೇಮ್ ರೇಟ್ ಹೆಚ್ಚಿರಲಿ. ಬೂದು ಛಾಯೆಯ ನಕ್ಷೆಗಳಲ್ಲಿ ನೇರಗೆರೆಯದನ್ನು ಆರಿಸಿ. ಹಲವು ಯಂತ್ರಗಳಲ್ಲಿ ಚಿತ್ರಕ್ಕೆ ತೆಳುವಾದ ಕಂದು ಅಥವಾ ನೀಲಿ ಬಣ್ಣ ಬಳಿಯುವ ಕ್ರೋಮಾ ಎಂಬ ಸೌಲಭ್ಯವಿರುತ್ತದೆ. ಅದನ್ನು ಪೂರ್ತಿ ಬಂದ್ ಮಾಡಿಬಿಡಿ. ಚಿತ್ರವನ್ನು ತಿಳಿಗೊಳಿಸುವ ಕಾಂಪೌಂಡ್ ಮತ್ತು ಹಾರ್ಮೋನಿಕ್ ಸೌಲಭ್ಯಗಳು ಬೂದು ಮಟ್ಟವನ್ನು ಬದಲಿಸುವುದರಿಂದ, ಹಾಕುವುದಾದರೆ ಎಲ್ಲ ರೋಗಿಗಳಿಗೂ ಹಾಕಿ, ತೆಗೆಯುವುದಾದರೆ ಎಲ್ಲರಿಗೂ ತೆಗೆಯಿರಿ.

ಆಳಕ್ಕೆ ತಕ್ಕಂತೆ ಹೊಳಪನ್ನು ಹೊಂದಿಸುವ ಟಿಜಿಸಿ ಗುಂಡಿಗಳ ಸಾಲನ್ನು ಅಂಗಾಂಶದ ಆಳದಲ್ಲಿ ಓರೆಯಾಗಿಯೂ, ರಕ್ತನಾಳದ ಒಳಭಾಗ ಬರುವ ಆಳದಲ್ಲಿ ನೇರವಾಗಿಯೂ ಇಡಬೇಕು. ರಕ್ತದಲ್ಲಿ ಶಬ್ದದ ಅಲೆ ಅಷ್ಟಾಗಿ ಕುಂದುವುದಿಲ್ಲ. ಅಲ್ಲಿಯೂ ಓರೆಯಾಗಿಟ್ಟರೆ ಕೆಳಗಿನ ಗೋಡೆಯ ಪ್ಲಾಕ್ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಗೇನನ್ನು ನಾಳದೊಳಗೆ ಸಣ್ಣ ಗದ್ದಲದ ಚುಕ್ಕಿಗಳು ಕಾಣಿಸತೊಡಗುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿ. ನಾಳದ ಹೊರಪದರವಾದ ಅಡ್ವೆಂಟಿಶಿಯಾ ಬೆಳ್ಳಗಿರಬೇಕು, ಆದರೆ ಅಚ್ಚ ಬಿಳಿಯಾಗಿ ಉಕ್ಕಿರಬಾರದು. ಎಂಟು ಬಿಟ್ಟಿನ ಚಿತ್ರದಲ್ಲಿ ಅತ್ಯಂತ ಬಿಳಿಯ ಅಂಕಿ 255. ಅಡ್ವೆಂಟಿಶಿಯಾ ಅಲ್ಲಿಗೆ ಮುಟ್ಟಿದ್ದರೆ ಅದರ ನಿಜವಾದ ಹೊಳಪು ಎಷ್ಟಿತ್ತೆಂಬುದು ಕಳೆದುಹೋಯಿತು, ಮುಂದೆ ಯಾವ ಲೆಕ್ಕದಿಂದಲೂ ಅದು ಮರಳಿ ಬಾರದು.

ಮಲೆನಾಡಿನಲ್ಲಿ ಕೆಲಸ ಮಾಡುವವರು ಇದನ್ನೊಂದು ನೆನಪಿಡಬೇಕು. ಆಷಾಢದ ಮಧ್ಯಾಹ್ನ ಮೂರು ಗಂಟೆಗೇ ಕೋಣೆ ಕತ್ತಲಾಗಿರುತ್ತದೆ. ಆಗ ಮಾನಿಟರ್ ತೀರ ಹೊಳೆಯುವಂತೆ ಕಂಡು ಕೈ ತಾನಾಗಿಯೇ ಗೇನನ್ನು ಇಳಿಸುತ್ತದೆ. ಮಾರ್ಚಿನ ಬಿಸಿಲಿನಲ್ಲಿ ಅದೇ ಕೈ ಏರಿಸುತ್ತದೆ. ಮಾನಿಟರಿನ ಹೊಳಪು ಉಳಿಸಿದ ಚಿತ್ರದ ಪಿಕ್ಸೆಲ್ಲನ್ನು ಮುಟ್ಟುವುದಿಲ್ಲ, ಗೇನ್ ಮುಟ್ಟುತ್ತದೆ. ಪರದೆ ಎಳೆದು, ಕೋಣೆಯ ಬೆಳಕನ್ನು ವರ್ಷವಿಡೀ ಒಂದೇ ಹದದಲ್ಲಿಡಿ.

ಇಷ್ಟೂ ಆದಮೇಲೆ ಇದನ್ನೊಂದು ಪ್ರೀಸೆಟ್ ಆಗಿ ಹೆಸರಿಟ್ಟು ಉಳಿಸಿ, ಪ್ರತಿ ರೋಗಿಗೂ ಮೊದಲು ಅದನ್ನೇ ಒತ್ತಿ.

## ಹಂತ 2: ರೋಗಿಯನ್ನು ಮಲಗಿಸುವುದು

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಡ. ಸ್ಕ್ಯಾನಿಂಗ್ ಎಂದರೆ ಉಪವಾಸವೆಂದೇ ತಿಳಿದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಏನನ್ನೂ ತಿನ್ನದೆ ಮೊದಲ ಬಸ್ಸಿಗೆ ಹೊರಟು ಬರುವ ಹಿರಿಯರಿದ್ದಾರೆ. ಸಮಯ ಕೊಡುವಾಗಲೇ "ತಿಂಡಿ ತಿಂದುಕೊಂಡು ಬನ್ನಿ" ಎಂದು ಹೇಳಿಬಿಡಿ.

ಅಂಗಾತ ಮಲಗಿಸಿ, ಹೆಗಲ ಕೆಳಗೆ ಮಡಿಸಿದ ಟವಲ್ ಕೊಟ್ಟು, ಮುಖವನ್ನು ಎದುರು ಬದಿಗೆ ಸುಮಾರು 45 ಡಿಗ್ರಿ ತಿರುಗಿಸಿ. ವರ್ಷಗಟ್ಟಲೆ ಕತ್ತೆತ್ತಿ ಅಡಿಕೆ ಕೊನೆ ತೆಗೆದವರಿಗೂ ಕುತ್ತಿಗೆ ಸವೆತ ಇರುವವರಿಗೂ ಅಷ್ಟು ತಿರುಗಿಸಲು ನೋವಾಗಬಹುದು. ಬಲವಂತ ಮಾಡದೆ, ಟವಲ್ ತೆಗೆದು ಚಿಕ್ಕ ದಿಂಬು ಕೊಡಿ. ಮಾಂಗಲ್ಯದ ಸರವನ್ನು ತೆಗೆಯಬೇಕಾಗಿಲ್ಲ, ಕೆಳಕ್ಕೆ ಸರಿಸಿದರೆ ಸಾಕು. ಹಾಗೆಂದು ಮೊದಲೇ ಹೇಳಿದರೆ ಅಮ್ಮಂದಿರ ಬಿಗಿತ ಅರ್ಧ ಇಳಿಯುತ್ತದೆ, ಕುತ್ತಿಗೆಯ ಸ್ನಾಯುವೂ ಸಡಿಲಾಗುತ್ತದೆ.

ಪ್ರೋಬನ್ನು ಒತ್ತಬೇಡಿ. ದವಡೆಯ ಕೋನದ ಕೆಳಗೆ, ನಾಳ ಕವಲೊಡೆಯುವಲ್ಲಿ ಜೋರಾಗಿ ಒತ್ತಿದರೆ ಹೃದಯದ ಬಡಿತವೂ ರಕ್ತದೊತ್ತಡವೂ ಇಳಿದು ರೋಗಿಗೆ ತಲೆ ಸುತ್ತಬಹುದು. ನಾಳದೊಳಗೆ ಅಲುಗಾಡುವ ತುಣುಕು ಕಂಡರೆ ಅಲ್ಲಿಗೆ ಕೈ ನಿಲ್ಲಿಸಿ, ಕಳುಹಿಸಿದ ವೈದ್ಯರಿಗೆ ಕೂಡಲೇ ಫೋನ್ ಮಾಡಿ.

## ಹಂತ 3: ಮೊದಲು ಅಡ್ಡ, ಆಮೇಲೆ ಉದ್ದ

ಕೊರಳೆಲುಬಿನ ಮೇಲಿನಿಂದ ದವಡೆಯವರೆಗೆ ಅಡ್ಡ ನೋಟದಲ್ಲಿ ನಿಧಾನವಾಗಿ ಸಾಗಿ, ಪ್ಲಾಕ್ ಗೋಡೆಯ ಯಾವ ಬದಿಯಲ್ಲಿದೆ ಎಂದು ನೋಡಿಕೊಳ್ಳಿ. ನೇರವಾಗಿ ಉದ್ದ ನೋಟದಿಂದ ಆರಂಭಿಸುವವರು ಪಕ್ಕದ ಗೋಡೆಯ ಪ್ಲಾಕನ್ನು ತಪ್ಪಿಸುತ್ತಾರೆ, ಇಲ್ಲವೇ ಅದರ ಅಂಚನ್ನಷ್ಟೇ ಕತ್ತರಿಸಿ ಇಡೀ ಪ್ಲಾಕೆಂದು ಅಳೆಯುತ್ತಾರೆ.

ಪ್ಲಾಕ್ ಎಂದು ಕರೆಯಲು ಮ್ಯಾನ್‌ಹೈಮ್ ಒಮ್ಮತ ಎಂಬ, ತಜ್ಞರು ಒಪ್ಪಿದ ಅಳತೆಯಿದೆ: ನಾಳದೊಳಕ್ಕೆ ಕನಿಷ್ಠ 0.5 ಮಿಲಿಮೀಟರ್ ಚಾಚಿರಬೇಕು, ಅಥವಾ ಸುತ್ತಲಿನ ಗೋಡೆಯ ದಪ್ಪಕ್ಕಿಂತ ಅರ್ಧದಷ್ಟು ಹೆಚ್ಚಿರಬೇಕು, ಅಥವಾ ಒಟ್ಟು ದಪ್ಪ 1.5 ಮಿಲಿಮೀಟರ್ ದಾಟಿರಬೇಕು. ಅದಕ್ಕಿಂತ ಕಡಿಮೆಯದನ್ನು ಪ್ಲಾಕೆಂದು ಬರೆದು ಯಾರನ್ನೂ ಹೆದರಿಸಬೇಡಿ.

ಈಗ ಪ್ರೋಬನ್ನು ತಿರುಗಿಸಿ, ಪ್ಲಾಕ್ ಅತ್ಯಂತ ದಪ್ಪಗೆ ಕಾಣುವ ಉದ್ದ ನೋಟವನ್ನು ಹಿಡಿಯಿರಿ. ಅಲೆ ಗೋಡೆಗೆ ಲಂಬವಾಗಿ ಬೀಳಬೇಕು. ಹಾಗೆ ಬಿದ್ದಾಗ ಅಡ್ವೆಂಟಿಶಿಯಾ ತುಂಡಾಗದ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆ ಅಲ್ಲಲ್ಲಿ ಮಸುಕಾದರೆ ಪ್ರೋಬ್ ಓರೆಯಾಗಿದೆ ಎಂದೇ ತಿಳಿಯಿರಿ. ಆಳವನ್ನು ಸುಮಾರು 4 ಸೆಂಟಿಮೀಟರಿಗೆ ಇಳಿಸಿ. ಪ್ಲಾಕ್ ಪರದೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕಂಡರೆ ಅಳೆಯಲು ಪಿಕ್ಸೆಲ್ಲುಗಳೇ ಇರುವುದಿಲ್ಲ.

ಗೋಡೆಯ ದಪ್ಪ, ಅಂದರೆ ಐಎಂಟಿ, ಬೇರೆಯೇ ಅಳತೆ. ಅದನ್ನು ಪ್ಲಾಕ್ ಇಲ್ಲದ ಜಾಗದಲ್ಲಿ, ಕವಲೊಡೆಯುವ ಮೊದಲಿನ ಭಾಗವಾದ ಸಾಮಾನ್ಯ ಕ್ಯಾರೋಟಿಡ್ಡಿನ ಕೆಳಗಿನ ಗೋಡೆಯಲ್ಲಿ, ಕವಲಿನ ಬಳಿ ನಾಳ ಉಬ್ಬಿರುವ ಬಲ್ಬ್ ಶುರುವಾಗುವ ಅಂಚಿಗಿಂತ ಕನಿಷ್ಠ 5 ಮಿಲಿಮೀಟರ್ ಹಿಂದೆ, 10 ಮಿಲಿಮೀಟರ್ ಉದ್ದದ ನೇರ ತುಂಡಿನಲ್ಲಿ ಅಳೆಯಬೇಕು. ಇದನ್ನು ವರ್ಷವರ್ಷ ಅಳೆದು "ಇಳಿದಿದೆ, ಏರಿದೆ" ಎಂದು ಹೇಳುವ ರೂಢಿ ಬಿಡಬೇಕು: ಒಂದು ವರ್ಷದಲ್ಲಿ ಆಗುವ ಬದಲಾವಣೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನದು, ಅದು ಒಂದು ಪಿಕ್ಸೆಲ್ಲಿಗಿಂತಲೂ ಸಣ್ಣದು. ಮೊದಲ ಬಾರಿಯ ಹೃದಯಾಘಾತದ ಅಪಾಯವನ್ನು ಅಂದಾಜಿಸಲು ಐಎಂಟಿಯನ್ನು ವಾಡಿಕೆಯಾಗಿ ಬಳಸಬಾರದೆಂದು ಅಮೆರಿಕದ ಹೃದ್ರೋಗ ಸಂಘಗಳ 2013ರ ಮಾರ್ಗಸೂಚಿಯೇ ಹೇಳಿದೆ.

## ಹಂತ 4: ಚಿತ್ರ ಹಿಡಿದು ಉಳಿಸುವುದು

ಹೃದಯ ಹಿಗ್ಗಿ ಮುಗಿದ ಕ್ಷಣದ ಚಿತ್ರ ಬೇಕು. ಇಸಿಜಿ ಇದ್ದರೆ ಅದರಲ್ಲಿ ಚೂಪಾಗಿ ಏಳುವ ಆರ್ ಅಲೆಯ ಫ್ರೇಮ್ ಆರಿಸಿ. ಇಲ್ಲದಿದ್ದರೆ ಮೂರ್ನಾಲ್ಕು ಬಡಿತದ ವೀಡಿಯೊ ಉಳಿಸಿ, ನಾಳದ ವ್ಯಾಸ ಅತ್ಯಂತ ಚಿಕ್ಕದಾಗಿರುವ ಫ್ರೇಮನ್ನು ಆಮೇಲೆ ಆರಿಸಿಕೊಳ್ಳಿ.

ಪ್ರತಿ ಪ್ಲಾಕಿಗೂ ಮೂರು ಚಿತ್ರ ಉಳಿಸಿ. ಒಂದು ಏನೂ ಬರೆಯದ, ಅಳತೆಯ ಚುಕ್ಕಿಗಳಿಲ್ಲದ ಕಪ್ಪು ಬಿಳುಪಿನ ಚಿತ್ರ. ಎರಡನೆಯದು ಅದೇ ನೋಟದ ಬಣ್ಣದ ಡಾಪ್ಲರ್ ಚಿತ್ರ. ಮೆದುವಾದ, ಕೊಬ್ಬು ತುಂಬಿದ ಪ್ಲಾಕ್ ರಕ್ತದಷ್ಟೇ ಕಪ್ಪಗಿರುವುದರಿಂದ ಅದರ ಅಂಚು ಎಲ್ಲಿದೆ ಎಂಬುದು ಬಣ್ಣ ನಿಂತ ಜಾಗದಿಂದ ಮಾತ್ರ ತಿಳಿಯುತ್ತದೆ. ಮೂರನೆಯದು ಅಡ್ಡ ನೋಟ.

ಚಿತ್ರವನ್ನು ಡೈಕಾಮ್ ಆಗಿಯೇ ಹೊರತೆಗೆಯಿರಿ. ಇಮೇಜ್‌ಜೆ ಸಂಕುಚಿತ ಡೈಕಾಮ್ ಕಡತವನ್ನು ತೆರೆಯುವುದಿಲ್ಲ, ಆದ್ದರಿಂದ ಯಂತ್ರದಲ್ಲಿ ಸಂಕುಚನವಿಲ್ಲದ ಆಯ್ಕೆಯನ್ನು ಒತ್ತಿ. ಅದು ಸಾಧ್ಯವಿಲ್ಲದಿದ್ದರೆ ಪಿಎನ್‌ಜಿ ಅಥವಾ ಬಿಎಂಪಿ. ಜೆಪೆಗ್ ಬೇಡ. ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳುಹಿಸಿದ ಚಿತ್ರ ಅಂತೂ ಬೇಡವೇ ಬೇಡ: ಅದು ಚಿತ್ರವನ್ನು ಕುಗ್ಗಿಸಿ, ಪಕ್ಕಪಕ್ಕದ ಛಾಯೆಗಳನ್ನು ಕಲಸಿಬಿಡುತ್ತದೆ. ಮಾನಿಟರಿನ ಫೋಟೊದಲ್ಲಿ ಇವೆಲ್ಲದರ ಜೊತೆಗೆ ಟ್ಯೂಬ್‌ಲೈಟಿನ ಪ್ರತಿಬಿಂಬ, ಓರೆಯಾದ ಚೌಕಟ್ಟು, ಮೊಬೈಲ್ ಕ್ಯಾಮೆರಾ ತಾನೇ ಹಚ್ಚಿದ ಹೊಳಪೂ ಸೇರಿರುತ್ತವೆ. ಮೂಲ ಕಡತವನ್ನೇ ರೋಗಿಯ ಹೆಸರು ತೆಗೆದು ಕಳುಹಿಸಿ.

ಒಮ್ಮೆ ನಾನೇ ಅವಸರದಲ್ಲಿ ಇಂಥದೊಂದು ಫೋಟೊವನ್ನು ಅಳೆದು, ಮೆದು ಪ್ಲಾಕ್ ಎಂದು ಬರೆದುಕೊಟ್ಟಿದ್ದೆ. ವಾರದ ನಂತರ ಮೂಲ ಕಡತ ಬಂದಾಗ ನೋಡಿದರೆ ಅದೇ ಪ್ಲಾಕ್ ನಾರುಗಟ್ಟಿದ, ಸಾಕಷ್ಟು ಗಟ್ಟಿಯಾದ ಪ್ಲಾಕಾಗಿತ್ತು. ವರದಿಯನ್ನು ಹಿಂದಕ್ಕೆ ಪಡೆದು, ಫೋನಿನಲ್ಲಿ ಕ್ಷಮೆ ಕೇಳಿ, ಹೊಸದನ್ನು ಬರೆಯಬೇಕಾಯಿತು. ಅಂದಿನಿಂದ ಫೋಟೊ ಬಂದರೆ ಅಳೆಯದೆ ಹಿಂತಿರುಗಿಸುತ್ತೇನೆ.

## ಹಂತ 5: ಡಾಪ್ಲರ್ ವೇಗವನ್ನು ಅದೇ ಭೇಟಿಯಲ್ಲಿ ತೆಗೆಯುವುದು

ನಾಳ ಎಷ್ಟು ಕಿರಿದಾಗಿದೆ ಎಂಬ ಪ್ರಶ್ನೆಗೆ ಉತ್ತರ ಬೂದು ಛಾಯೆಯಲ್ಲಿಲ್ಲ, ರಕ್ತದ ವೇಗದಲ್ಲಿದೆ. ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ತಜ್ಞರ 2003ರ ಒಮ್ಮತದ ಪ್ರಕಾರ, ಮೆದುಳಿಗೆ ಹೋಗುವ ಕವಲಾದ ಒಳ ಕ್ಯಾರೋಟಿಡ್ಡಿನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕಿರಿದಾಗುವಿಕೆ ಶೇ. 50ಕ್ಕಿಂತ ಕಡಿಮೆ, 125ರಿಂದ 230ರವರೆಗೆ ಶೇ. 50ರಿಂದ 69, 230 ಮೀರಿದರೆ ಶೇ. 70 ಅಥವಾ ಹೆಚ್ಚು. ಪ್ಲಾಕ್ ದೊಡ್ಡದಿದ್ದು ಬಣ್ಣ ಎಳೆಯಂತೆ ತೆಳ್ಳಗೆ ಹರಿಯುತ್ತಿದ್ದರೂ ವೇಗ ಮಾತ್ರ ಕಡಿಮೆ ಬಂದರೆ ನೆಮ್ಮದಿಪಡಬೇಡಿ. ಬಹುಪಾಲು ಮುಚ್ಚಿಹೋದ ನಾಳದಲ್ಲಿ ವೇಗ ಕುಸಿಯುತ್ತದೆ, ಅದಕ್ಕೆ ಸಿಟಿ ಆಂಜಿಯೊ ಬೇಕು.

## ಹಂತ 6: ಕಂಪ್ಯೂಟರಿನಲ್ಲಿ ಅಳತೆಗೋಲು ಕೂರಿಸುವುದು

ಚಿತ್ರವನ್ನು ತೆರೆದು, ಮೊದಲು ಅದರ ನಕಲು ಮಾಡಿ. ಮೂಲವನ್ನು ಎಂದಿಗೂ ಮುಟ್ಟಬೇಡಿ. ಪಕ್ಕದ ಆಳದ ಗುರುತುಗಳ ಮೇಲೆ 10 ಮಿಲಿಮೀಟರಿನಷ್ಟು ಗೆರೆ ಎಳೆದು, ಅದು ಎಷ್ಟು ಪಿಕ್ಸೆಲ್ ಎಂದು ನೋಡಿ. ಉದಾಹರಣೆಗೆ 164 ಪಿಕ್ಸೆಲ್ ಬಂದರೆ ಮಿಲಿಮೀಟರಿಗೆ 16.4 ಪಿಕ್ಸೆಲ್. ಬೇರೆ ಬೇರೆ ಯಂತ್ರಗಳ ಚಿತ್ರಗಳನ್ನು ಹೋಲಿಸಬೇಕಾದರೆ ಎಲ್ಲವನ್ನೂ ಮಿಲಿಮೀಟರಿಗೆ 20 ಪಿಕ್ಸೆಲ್ಲಿಗೆ ತರುವುದು ರೂಢಿ. ಇಲ್ಲಿ 20ನ್ನು 16.4ರಿಂದ ಭಾಗಿಸಿ, ಚಿತ್ರವನ್ನು 1.22 ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಸೆಟ್ ಸ್ಕೇಲ್‌ನಲ್ಲಿ ಹೊಸ ಅಳತೆಯನ್ನು ತುಂಬಿ.

ಉದ್ದದಲ್ಲಿ ಶೇ. 10ರಷ್ಟು ತಪ್ಪಿದರೆ ವಿಸ್ತೀರ್ಣದಲ್ಲಿ ಶೇ. 21ರಷ್ಟು ತಪ್ಪುತ್ತದೆ. ಆದ್ದರಿಂದ ಗೆರೆಯನ್ನು ಎರಡು ಸಲ ಎಳೆದು ನೋಡುವ ತಾಳ್ಮೆ ಇರಲಿ.

## ಹಂತ 7: ನಾರ್ಮಲೈಸ್ ಮಾಡುವುದು

ಶಿವಮೊಗ್ಗದ ಮಂಡಿಯಲ್ಲಿ ಕೆಂಪಡಿಕೆಯ ಬಣ್ಣವನ್ನು ಹಳದಿ ಬಲ್ಬಿನ ಕೆಳಗೆ ನೋಡಿ ಧಾರಣೆ ಹೇಳುವವರಿಲ್ಲ. ಬೊಗಸೆಯಲ್ಲಿ ಬಾಗಿಲಿಗೆ ತಂದು ಹಗಲ ಬೆಳಕಿಗೆ ಹಿಡಿಯುತ್ತಾರೆ. ಪ್ಲಾಕಿನ ಛಾಯೆಯನ್ನೂ ಹಾಗೆಯೇ ಎಲ್ಲರಿಗೂ ಒಂದೇ ಆದ ಬೆಳಕಿಗೆ ತರಬೇಕು. ಅದಕ್ಕೆ ಎರಡು ಗುರುತುಗಳಿವೆ: ರಕ್ತವನ್ನು 0 ಎಂದೂ, ಅಡ್ವೆಂಟಿಶಿಯಾವನ್ನು 190 ಎಂದೂ ಇಟ್ಟು, ಉಳಿದುದನ್ನೆಲ್ಲ ಅವುಗಳ ನಡುವೆ ಹಂಚುವುದು.

ಚಿತ್ರವನ್ನು ಮೊದಲು ಎಂಟು ಬಿಟ್ಟಿನ ಬೂದು ಚಿತ್ರವಾಗಿ ಮಾಡಿ, ಆಮೇಲೆ 32 ಬಿಟ್ಟಿಗೆ ಬದಲಿಸಿ. ಹೀಗೆ ಮಾಡಿದರೆ ಲೆಕ್ಕದ ನಡುವೆ ಅಂಕಿಗಳು ಕತ್ತರಿಸಿಹೋಗುವುದಿಲ್ಲ. ಸೆಟ್ ಮೆಷರ್‌ಮೆಂಟ್ಸ್‌ನಲ್ಲಿ ಮೀಡಿಯನ್ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮತ್ತು ಏರಿಯಾ (ವಿಸ್ತೀರ್ಣ) ಎರಡನ್ನೂ ಗುರುತಿಸಿ. ನಾಳದೊಳಗೆ ಗದ್ದಲವಿಲ್ಲದ ಜಾಗದಲ್ಲಿ ಚಿಕ್ಕ ಚೌಕ ಎಳೆದು ರಕ್ತದ ಮೀಡಿಯನ್ ಬರೆದುಕೊಳ್ಳಿ. ಪ್ಲಾಕಿನ ಪಕ್ಕದಲ್ಲಿಯೇ, ಅದೇ ಆಳದಲ್ಲಿ, ಅಡ್ವೆಂಟಿಶಿಯಾದ ಅತ್ಯಂತ ಬೆಳ್ಳಗಿನ ಭಾಗದ ನಡುವಿನಲ್ಲಿ ಇನ್ನೊಂದು ಚಿಕ್ಕ ಆಯ್ಕೆ ಮಾಡಿ ಅದರ ಮೀಡಿಯನ್ ಬರೆದುಕೊಳ್ಳಿ.

ಈಗ ಇಡೀ ಚಿತ್ರದಿಂದ ರಕ್ತದ ಅಂಕಿಯನ್ನು ಕಳೆದು, 190ನ್ನು ಎರಡು ಅಂಕಿಗಳ ವ್ಯತ್ಯಾಸದಿಂದ ಭಾಗಿಸಿ ಬಂದುದರಿಂದ ಗುಣಿಸಿ. ಒಂದೇ ಪ್ಲಾಕನ್ನು ಎರಡು ಗೇನಿನಲ್ಲಿ ಹಿಡಿದಿದ್ದೇವೆ ಎಂದುಕೊಳ್ಳೋಣ. ಮೊದಲ ಚಿತ್ರದಲ್ಲಿ ರಕ್ತ 6, ಅಡ್ವೆಂಟಿಶಿಯಾ 142, ಪ್ಲಾಕ್ 38. 38ರಿಂದ 6 ಕಳೆದರೆ 32, ಅದನ್ನು 190/136ರಿಂದ ಗುಣಿಸಿದರೆ ಸುಮಾರು 45. ಎರಡನೆಯದರಲ್ಲಿ ರಕ್ತ 14, ಅಡ್ವೆಂಟಿಶಿಯಾ 196, ಪ್ಲಾಕ್ 57. 43ನ್ನು 190/182ರಿಂದ ಗುಣಿಸಿದರೆ ಅದೂ ಸುಮಾರು 45. ಹಸಿ ಅಂಕಿಗಳಾದ 38 ಮತ್ತು 57ನ್ನು ಹೋಲಿಸಿದವರು ಆರು ತಿಂಗಳಲ್ಲಿ ಪ್ಲಾಕ್ ಗಟ್ಟಿಯಾಯಿತೆಂದು ಬರೆಯುತ್ತಿದ್ದರು.

ಇಲ್ಲಿ ಪದೇ ಪದೇ ಆಗುವ ಮೂರು ತಪ್ಪುಗಳಿವೆ. ಚೌಕದ ಆಯ್ಕೆ ಇನ್ನೂ ಚಿತ್ರದ ಮೇಲಿರುವಾಗಲೇ ಕಳೆಯುವ ಆದೇಶ ಕೊಟ್ಟರೆ ಇಮೇಜ್‌ಜೆ ಆ ಚೌಕದೊಳಗೆ ಮಾತ್ರ ಕಳೆಯುತ್ತದೆ; ಮೊದಲು ಆಯ್ಕೆಯನ್ನು ತೆಗೆಯುವ ಸೆಲೆಕ್ಟ್ ನನ್ (Select None) ಒತ್ತಬೇಕು. ಎರಡನೆಯದಾಗಿ, ಚಿತ್ರ ಸ್ಪಷ್ಟ ಕಾಣಲೆಂದು ಹೊಳಪಿನ ಕಿಟಕಿಯಲ್ಲಿ ಅಪ್ಲೈ ಒತ್ತಿದರೆ ಪಿಕ್ಸೆಲ್ಲುಗಳೇ ಬದಲಾಗುತ್ತವೆ. ಮೂರನೆಯದು, ಅಡ್ವೆಂಟಿಶಿಯಾವನ್ನು ಪ್ಲಾಕಿನ ನೆರಳಿನ ಕೆಳಗಿನಿಂದ ಆರಿಸುವುದು. ಅಲ್ಲಿ ಅದು ಮಂಕಾಗಿರುವುದರಿಂದ ಪ್ಲಾಕ್ ತನ್ನಲ್ಲಿಲ್ಲದ ಹೊಳಪನ್ನು ಪಡೆಯುತ್ತದೆ.

ಮುಗಿದ ಮೇಲೆ ಅದೇ ಎರಡು ಜಾಗಗಳನ್ನು ಮತ್ತೆ ಅಳೆಯಿರಿ. ರಕ್ತ 0ರಿಂದ 5ರೊಳಗೆ, ಅಡ್ವೆಂಟಿಶಿಯಾ 185ರಿಂದ 195ರೊಳಗೆ ಬರದಿದ್ದರೆ ಮುಂದಕ್ಕೆ ಹೋಗಬೇಡಿ.

## ಹಂತ 8: ಪ್ಲಾಕಿನ ಸುತ್ತ ಗೆರೆ ಎಳೆಯುವುದು

ಬಣ್ಣದ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಪಾಲಿಗನ್ ಸಾಧನದಿಂದ ಪ್ಲಾಕಿನ ಅಂಚನ್ನು ಸುತ್ತಿ. ನಾಳದ ಕಡೆಯ ಅಂಚಿನಲ್ಲಿ ರಕ್ತವೂ ಹೊರ ಅಂಚಿನಲ್ಲಿ ಅಡ್ವೆಂಟಿಶಿಯಾವೂ ಒಳಸೇರಬಾರದು. ಮೊದಲನೆಯದು ಅಂಕಿಯನ್ನು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ.

ಸುಣ್ಣಗಟ್ಟಿದ ಪ್ಲಾಕಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸುಣ್ಣದ ಹಿಂದೆ ಅಲೆ ಹೋಗದ ಕಾರಣ ಕಪ್ಪು ನೆರಳು ಬೀಳುತ್ತದೆ. ಆ ನೆರಳನ್ನು ಗೆರೆಯೊಳಗೆ ಸೇರಿಸಿದರೆ ಕಲ್ಲಿನಂಥ ಪ್ಲಾಕ್ ಕಂಪ್ಯೂಟರಿಗೆ ಬೆಣ್ಣೆಯಂತೆ ಕಾಣುತ್ತದೆ. ನೆರಳನ್ನು ಹೊರಗಿಟ್ಟು ಕಾಣುವ ಭಾಗವನ್ನಷ್ಟೇ ಅಳೆದು, ಹಾಗೆ ಮಾಡಿರುವುದನ್ನು ವರದಿಯಲ್ಲಿ ನಮೂದಿಸಿ. ಪ್ಲಾಕಿನ ಬಹುಭಾಗ ನೆರಳಿನಲ್ಲಿದ್ದರೆ ಅಂಕಿ ಕೊಡಲೇಬೇಡಿ. ತಾನಾಗಿಯೇ ಗೆರೆ ಎಳೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಇದೇ ಜಾಗದಲ್ಲಿ ಎಡವುತ್ತವೆ. ಅವು ಎಳೆದ ಗೆರೆಯನ್ನು ನಿಮ್ಮ ಕಣ್ಣಿನಿಂದ ಒಪ್ಪಿದ ಮೇಲೆಯೇ ಅಂಕಿಯನ್ನು ತೆಗೆದುಕೊಳ್ಳಿ.

ಗೆರೆಯನ್ನು ಆರ್‌ಒಐ ಮ್ಯಾನೇಜರಿನಲ್ಲಿ ಉಳಿಸಿ. ಉಳಿಸದ ಗೆರೆಯನ್ನು ಮುಂದೆ ಯಾರೂ ಪರಿಶೀಲಿಸಲಾರರು.

## ಹಂತ 9: ಅಂಕಿಗಳನ್ನು ಓದುವುದು

ಪ್ಲಾಕಿನೊಳಗಿನ ಪಿಕ್ಸೆಲ್ಲುಗಳ ಮೀಡಿಯನ್ನಿಗೆ ಗ್ರೇ ಸ್ಕೇಲ್ ಮೀಡಿಯನ್, ಅಂದರೆ ಜಿಎಸ್‌ಎಂ, ಎಂದು ಹೆಸರು. ಕಡಿಮೆ ಅಂಕಿಯೆಂದರೆ ಕೊಬ್ಬು ಅಥವಾ ರಕ್ತಸ್ರಾವ ಹೆಚ್ಚಿರುವ, ಒಡೆಯುವ ಸಂಭವ ಹೆಚ್ಚಿನ ಪ್ಲಾಕ್; ಹೆಚ್ಚಿನ ಅಂಕಿಯೆಂದರೆ ನಾರು ಅಥವಾ ಸುಣ್ಣ ಹೆಚ್ಚಿರುವುದು. ಸ್ಟೆಂಟ್ ಹಾಕುವಾಗಿನ ಅಪಾಯವನ್ನು ನೋಡಿದ ಐಕಾರೋಸ್ ಅಧ್ಯಯನ 25ನ್ನು ಗಡಿಯಾಗಿ ಹಿಡಿದಿತ್ತು. ಆದರೆ 24 ಬಂದವರಿಗೆ ನಾಳೆಯೇ ಪಾರ್ಶ್ವವಾಯು, 26 ಬಂದವರಿಗೆ ಭಯವಿಲ್ಲ ಎಂದು ಅದರ ಅರ್ಥವಲ್ಲ.

ಜಿಎಸ್‌ಎಂ ಇಡೀ ಪ್ಲಾಕಿಗೆ ಒಂದೇ ಅಂಕಿ ಕೊಡುವುದರಿಂದ ಒಳಗಿನ ಹಂಚಿಕೆಯನ್ನು ಮುಚ್ಚಿಡುತ್ತದೆ. ಆದ್ದರಿಂದ ನಾರ್ಮಲೈಸ್ ಆದ ಚಿತ್ರದಲ್ಲಿ 25ಕ್ಕಿಂತ ಕಪ್ಪಗಿನ ಪಿಕ್ಸೆಲ್ಲುಗಳ ಪ್ರದೇಶ ನಾಳದ ಅಂಚಿಗೇ ತಾಗಿದೆಯೇ, ಅದರ ಮೇಲೆ ಬಿಳಿಯ ಹೊದಿಕೆ ಕಾಣುತ್ತದೆಯೇ ಎಂದು ನೋಡಿ. ಹೊದಿಕೆಯಿಲ್ಲದ ಅಂಥ ಕಪ್ಪು ಪ್ರದೇಶ 8 ಚದರ ಮಿಲಿಮೀಟರ್ ದಾಟಿದರೆ, ಲಕ್ಷಣಗಳಿಲ್ಲದ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಎಸಿಎಸ್‌ಆರ್‌ಎಸ್ ಅಧ್ಯಯನದ ಪ್ರಕಾರ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಮೊದಲ ಅಂಕಿಗಿಂತ ಈ ನೋಟವೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನುಭವ.

## ಹಂತ 10: ನಿಮ್ಮ ಕೈಯನ್ನೇ ಅಳೆದುಕೊಳ್ಳುವುದು

ಹಳೆಯ ಇಪ್ಪತ್ತು ಚಿತ್ರಗಳನ್ನು ತೆಗೆದು, ಹಿಂದಿನ ಅಂಕಿಗಳನ್ನು ನೋಡದೆ, ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸುವ ಬ್ಲಾಂಡ್-ಆಲ್ಟ್‌ಮನ್ ನಕ್ಷೆಯನ್ನು ಸಾದಾ ಎಕ್ಸೆಲ್ಲಿನಲ್ಲಿಯೇ ಬರೆಯಬಹುದು. ಅದರಲ್ಲಿ ಕಾಣುವ ಹರವು ನಿಮ್ಮ ಕೈಯ ದೋಷ. ರೋಗಿಯ ಅಂಕಿ ಎರಡು ಭೇಟಿಗಳ ನಡುವೆ ಅದಕ್ಕಿಂತ ಕಡಿಮೆ ಬದಲಾಗಿದ್ದರೆ, ಬದಲಾಗಿಲ್ಲ ಎಂದೇ ಬರೆಯಬೇಕು.

## ಹಂತ 11: ವರದಿ

ಯಾವ ಬದಿ, ನಾಳದ ಯಾವ ಭಾಗ, ಪ್ಲಾಕಿನ ಗರಿಷ್ಠ ದಪ್ಪ, ವಿಸ್ತೀರ್ಣ, ನಾರ್ಮಲೈಸ್ ಆದ ಜಿಎಸ್‌ಎಂ, ಅಂಚಿನ ಕಪ್ಪು ಪ್ರದೇಶ, ಡಾಪ್ಲರ್ ವೇಗ ಮತ್ತು ಕಿರಿದಾಗುವಿಕೆಯ ಶೇಕಡಾ ಪ್ರಮಾಣ: ಈ ಕ್ರಮದಲ್ಲಿ ಬರೆಯಿರಿ. ಯಂತ್ರ, ಪ್ರೀಸೆಟ್, ತಂತ್ರಾಂಶದ ಆವೃತ್ತಿ, ರಕ್ತ ಮತ್ತು ಅಡ್ವೆಂಟಿಶಿಯಾದ ಹಸಿ ಅಂಕಿಗಳು ಕೆಳಗಿನ ಸಾಲಿನಲ್ಲಿರಲಿ. ಕೆಲವು ತಂತ್ರಾಂಶಗಳು "ನಿಮ್ಮ ರಕ್ತನಾಳದ ವಯಸ್ಸು 71" ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕುತ್ತವೆ. ಅದನ್ನು ತೆಗೆದುಹಾಕಿ, ಏಕೆಂದರೆ ಐವತ್ತರ ರೈತನೊಬ್ಬ ಆ ಒಂದು ಸಾಲನ್ನಷ್ಟೇ ಓದಿಕೊಂಡು ಮನೆಗೆ ಹೋಗುತ್ತಾನೆ.

ಚಿಕಿತ್ಸೆಯ ಮಾತು ವರದಿಯಲ್ಲಿ ಬೇಡ, ಅದು ಕಳುಹಿಸಿದ ವೈದ್ಯರದು. ಅವರಿಗೆ ಒಂದು ವಿಷಯ ಮಾತ್ರ ತಿಳಿಸಿ: ಸ್ಟ್ಯಾಟಿನ್ ಮಾತ್ರೆ ಶುರುವಾದ ಮೇಲೆ ಪ್ಲಾಕಿನ ಜಿಎಸ್‌ಎಂ ಏರಬಹುದು, ಅದು ಕೆಡುಕಿನ ಸೂಚನೆಯಲ್ಲ. ಹಾಗೆ ಏರಿರುವುದನ್ನು ಮುಂದಿನ ಭೇಟಿಯಲ್ಲಿ ನಂಬಬೇಕಾದರೆ ಇಂದಿನ ಮೂಲ ಕಡತ, ನಾರ್ಮಲೈಸ್ ಆದ ಕಡತ ಮತ್ತು ಗೆರೆಯ ಕಡತ ಮೂರೂ ರೋಗಿಯ ಸಂಖ್ಯೆ, ಬದಿ ಮತ್ತು ದಿನಾಂಕದ ಹೆಸರಿನಲ್ಲಿ ಒಂದೇ ಫೋಲ್ಡರಿನಲ್ಲಿರಬೇಕು, ಅದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು.